ಸೀಸಕ್ಕೂ ಒಂದು ಊರು

ಕೆಂಪು ದೀಪದ ಮಬ್ಬು ಕೋಣೆ. ಸಿಲ್ವರ್ ಕ್ಲೋರೈಡಿಗೆ ಬಿಸಿಲು ಆಗಿಬರುವುದಿಲ್ಲ. ಸೋಕಿದರೆ ಸಾಕು, ಬಿಳುಪು ನೇರಳೆಗೆ ತಿರುಗುತ್ತದೆ. ಅಕ್ಕಪಕ್ಕ ಎರಡು ಗಾಜಿನ ನಳಿಗೆ, ಎರಡರಲ್ಲೂ ಗಸಿ ಇಳಿದ ಮೇಲಿನ ತಿಳಿನೀರು. ಒಂದಕ್ಕೆ ಚೂರು ಬೆಳ್ಳಿಯ ದ್ರಾವಣ, ಇನ್ನೊಂದಕ್ಕೆ ಅಷ್ಟೇ ಕ್ಲೋರೈಡು. ಎರಡರಲ್ಲೂ ತೆಳು ಅಕ್ಕಚ್ಚಿನಂಥ ಮಸುಕು ಏಳುತ್ತದೆ. ಮೇಲಿನಿಂದ ಕಣ್ಣಿಟ್ಟು ನೋಡಬೇಕು: ಮಸುಕು ಸಮಸಮವೋ? ಒಂದು ಕೂದಲೆಳೆ ಹೆಚ್ಚಿದ್ದರೂ ಲೆಕ್ಕ ತಪ್ಪಿದಂತೆ. ಮತ್ತೆ ಒಂದಿಷ್ಟು ಬೆಳ್ಳಿ, ಮತ್ತೆ ಕಾಯುವುದು.

ಹಾರ್ವರ್ಡಿನ ಥಿಯೋಡರ್ ರಿಚರ್ಡ್ಸ್ ಪರಮಾಣು ತೂಕ ಹಿಡಿಯುತ್ತಿದ್ದುದು ಹೀಗೆ. ಅಪ್ಪ ಕಡಲಿನ ಚಿತ್ರ ಬರೆಯುತ್ತಿದ್ದ ಕಲಾವಿದ. ಮಗನ ಕಣ್ಣು ನಳಿಗೆಯ ಮಸುಕಿನ ಮೇಲೆ. ಸೀಸದ ಕ್ಲೋರೈಡನ್ನು ಕರಗಿಸಿ, ಹರಳುಗಟ್ಟಿಸಿ, ಮತ್ತೆ ಕರಗಿಸಿ, ಗಾಳಿಯ ತೇವ ತಾಕದಂತೆ ಮುಚ್ಚಿದ ಸೀಸೆಯೊಳಗೇ ತೂಗುವುದು. ಅದರ ಕ್ಲೋರಿನ್ನಿಗೆ ಸರಿಹೊಂದಲು ಎಷ್ಟು ಬೆಳ್ಳಿ ಹಿಡಿಯಿತು ಎಂಬುದರಿಂದ ಸೀಸದ ತೂಕ ಹೊರಡುತ್ತದೆ. ಮಡಿಯಲ್ಲಿ ಅಡುಗೆ ಮಾಡುವವರೂ ಇಷ್ಟು ಶುಚಿ ನೋಡಲಾರರು.

1914ರಲ್ಲಿ ಜರ್ಮನಿಯಿಂದ ಫಯಾನ್ಸ್ ಎಂಬ ವಿಜ್ಞಾನಿಯ ಶಿಷ್ಯ ಮ್ಯಾಕ್ಸ್ ಲೆಂಬರ್ಟ್ ಅಲ್ಲಿಗೆ ಬಂದ. ಕೊಲೊರಾಡೊ, ಸಿಲೋನ್, ಬೊಹೀಮಿಯ, ಉತ್ತರ ಕರೊಲಿನಾ: ಇಲ್ಲಿನ ವಿಕಿರಣಶೀಲ ಅದಿರುಗಳಿಂದ ತೆಗೆದ ಸೀಸವನ್ನು ಒಂದೊಂದಾಗಿ ತೂಗಿದರು. ಬಣ್ಣ ಒಂದೇ, ರೋಹಿತದ ಗೆರೆಗಳೂ ಒಂದೇ. ತೂಕ ಮಾತ್ರ ಬೇರೆ! ಸಾಮಾನ್ಯ ಸೀಸ 207.15, ಉತ್ತರ ಕರೊಲಿನಾದ್ದು 206.40.

ಇಷ್ಟು ತೊಳೆದ ಮೇಲೂ ಉಳಿದ ಈ ವ್ಯತ್ಯಾಸ ಕೊಳೆಯದ್ದಾಗಿರಲಿಲ್ಲ. ಯುರೇನಿಯಂ ಸವೆದು ಸವೆದು 206ರ ಸೀಸವಾಗುತ್ತದೆ, ಥೋರಿಯಂ 208ರ ಸೀಸ. ಯಾವ ಬಂಡೆಯಲ್ಲಿ ಯಾವುದು ಎಷ್ಟಿತ್ತು, ಎಷ್ಟು ಕಾಲ ಕೂತಿತ್ತು ಎನ್ನುವುದೆಲ್ಲ ಆ ದಶಾಂಶದಲ್ಲಿ ಅಡಗಿತ್ತು. ಸಾಡಿ ಎಂಬ ರಸಾಯನ ವಿಜ್ಞಾನಿ ಹಿಂದಿನ ವರ್ಷವಷ್ಟೇ ಇಂಥ ಅಣ್ಣತಮ್ಮಂದಿರಿಗೆ ಐಸೋಟೋಪ್ ಎಂದು ಹೆಸರಿಟ್ಟಿದ್ದ. ರಿಚರ್ಡ್ಸ್‌ಗೆ 1914ರ ನೊಬೆಲ್ ಸಿಕ್ಕಿತು. ಪರಮಾಣು ತೂಕ ಬದಲಾಗದ ಅಂಕಿ ಎಂಬ ಹಳೆಯ ನಂಬಿಕೆಯ ಬುಡ ಅವನ ಕೈಯಿಂದಲೇ ಅಲುಗಿದ್ದು ನನಗೆ ನೊಬೆಲ್‌ಗಿಂತ ದೊಡ್ಡದಾಗಿ ಕಾಣುತ್ತದೆ.

ಈಗ ಮಸುಕು ನೋಡುವವರಿಲ್ಲ. ಮಾಸ್ ಸ್ಪೆಕ್ಟ್ರೋಮೀಟರು ಐಸೋಟೋಪುಗಳನ್ನು ಬೇರೆಬೇರೆ ಸಾಲಿಗೆ ಹಚ್ಚಿ ಎಣಿಸುತ್ತದೆ. ಬಂದ ಲೆಕ್ಕಗಳನ್ನು ಅಂತರರಾಷ್ಟ್ರೀಯ ಆಯೋಗವೊಂದು ಎರಡು ವರ್ಷಕ್ಕೊಮ್ಮೆ ಕೂತು ಜಾಲಾಡುತ್ತದೆ. ಹೈಡ್ರೋಜನ್, ಇಂಗಾಲ, ಗಂಧಕದಂಥ ಹತ್ತು ಧಾತುಗಳಿಗೆ ಒಂಟಿ ಅಂಕಿ ಬೇಡ, ಇಂತಿಷ್ಟರಿಂದ ಇಂತಿಷ್ಟು ಎನ್ನೋಣ ಎಂದು ಅದು 2009ರಲ್ಲಿ ತೀರ್ಮಾನಿಸಿತು. ಸೀಸದ ಸರದಿ 2020ರಲ್ಲಿ: 206.14ರಿಂದ 207.94. ಗೋಡೆಗೆ ತೂಗುಹಾಕುವ ಧಾತುಗಳ ಚಾರ್ಟಿನ ಚೌಕದಲ್ಲಿ ಇದು ಹಿಡಿಸುವುದಿಲ್ಲವಲ್ಲ; ಅಲ್ಲಿಗೆ 207.2.

ಲಿಥಿಯಂನದು ಇನ್ನೂ ಬೇರೆ ಕಥೆ. ಹೈಡ್ರೋಜನ್ ಬಾಂಬಿಗೆಂದು ಲಿಥಿಯಂ-6 ಅನ್ನು ಹಿಂಡಿ ತೆಗೆದು, ಉಳಿದದ್ದನ್ನು ಅಂಗಡಿಗೆ ಬಿಟ್ಟರು. ಅಂಥ ಸೀಸೆಯ ಪುಡಿ ತೂಗಿದರೆ ನೆಲದಲ್ಲಿ ಸಿಗುವ ಲಿಥಿಯಂಗಿಂತ ಭಾರ. ಆಯೋಗದ ಕೋಷ್ಟಕದಲ್ಲಿ ಲಿಥಿಯಂ ಪಕ್ಕ ‘ಎಂ’ ಎಂಬ ಪುಟ್ಟ ಅಕ್ಷರವಿದೆ: ಅಂಗಡಿಯ ಮಾಲು, ಹುಷಾರು.