ರೋಗಿಯೊಡನೆ ಸಾಗಿಬರುವ ರೋಗಾಣು

2011ರ ಜೂನ್ ತಿಂಗಳಿನಲ್ಲಿ, ಶ್ವಾಸಕೋಶದ ಕಸಿ ಮಾಡಿಸಿಕೊಂಡಿದ್ದ ಮಹಿಳೆಯೊಬ್ಬರನ್ನು ನ್ಯೂಯಾರ್ಕಿನ ಆಸ್ಪತ್ರೆಯಿಂದ ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿರುವ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಚಿಕಿತ್ಸಾಲಯಕ್ಕೆ ಸಾಗಿಸಲಾಯಿತು. ಕಟ್ಟಕಡೆಯ ಅಸ್ತ್ರಗಳೆಂದು ವೈದ್ಯರು ಕಾಯ್ದಿರಿಸಿಕೊಳ್ಳುವ ಕಾರ್ಬಪೆನೆಮ್ ವರ್ಗದ ಔಷಧಗಳಿಗೂ ಮಣಿಯದ ಕ್ಲೆಬ್ಸಿಯೆಲ್ಲಾ ಎಂಬ ರೋಗಾಣು ಆಕೆಯ ದೇಹದಲ್ಲಿ ನೆಲೆಸಿತ್ತು. ಆ ಸಂಗತಿ ಅಲ್ಲಿಯವರಿಗೆ ಗೊತ್ತಿತ್ತು. ಪ್ರತ್ಯೇಕ ಕೊಠಡಿ, ನಿಲುವಂಗಿ, ಕೈಗವಸುಗಳ ಏರ್ಪಾಡೂ ಆಯಿತು. ಜುಲೈಯಲ್ಲಿ ಆಕೆ ಬಿಡುಗಡೆ ಹೊಂದಿದರು. ಅಪಾಯ ಕಳೆಯಿತೆಂದು ಭಾವಿಸಿದ್ದವರಿಗೆ ಆಗಸ್ಟಿನಲ್ಲಿ ಮತ್ತೊಬ್ಬ ರೋಗಿಯಲ್ಲಿ ಅದೇ ರೋಗಾಣು ಕಾಣಿಸಿತು. ಕೊನೆಗೆ ಆಕೆಯೂ ಸೇರಿ 18 ಮಂದಿಗೆ ಅದು ತಗುಲಿ, ಅವರಲ್ಲಿ 11 ಮಂದಿ ತೀರಿಕೊಂಡರು. ಆರು ಮರಣಗಳಿಗೆ ಆ ಸೋಂಕೇ ಕಾರಣವೆಂದು ನಿರ್ಣಯವಾಯಿತು.

ಜೂಲಿ ಸೆಗ್ರೆ, ಇವಾನ್ ಸ್ನಿಟ್ಕಿನ್ ಮೊದಲಾದ ವಿಜ್ಞಾನಿಗಳು ಆ ರೋಗಾಣುಗಳ ಡಿಎನ್‌ಎ ಅಕ್ಷರಸಾಲುಗಳನ್ನು ಓದಿ ಹೋಲಿಸಿ ನೋಡಿದಾಗ, ಎಲ್ಲವೂ ಆ ಮೊದಲ ರೋಗಿಯಿಂದಲೇ, ಅದೂ ಮೂರು ಬೇರೆಬೇರೆ ಸಂದರ್ಭಗಳಲ್ಲಿ, ಹರಡಿದುವೆಂಬುದು ಸ್ಪಷ್ಟವಾಯಿತು. ಕೈತೊಳೆಯುವ ತೊಟ್ಟಿಗಳ ಕೊಳವೆಗಳಲ್ಲಿ, ಶುದ್ಧೀಕರಿಸಿದ ಮೇಲೂ ಒಂದು ವೆಂಟಿಲೇಟರಿನಲ್ಲಿ, ಅದು ಉಳಿದುಕೊಂಡಿತ್ತು. ಇದಕ್ಕಿಂತಲೂ ಚಿಂತೆಗೀಡುಮಾಡುವ ವಿಷಯವೆಂದರೆ, ಈ ರೋಗಾಣು ಜ್ವರವನ್ನಾಗಲಿ ನೋವನ್ನಾಗಲಿ ಉಂಟುಮಾಡದೆ ಕರುಳಿನಲ್ಲಿ ವಾರಗಟ್ಟಲೆ ಅಡಗಿರಬಲ್ಲುದು. ಗುದದಿಂದ ತೆಗೆದ ಮಾದರಿಯನ್ನು ಪರೀಕ್ಷಿಸಿದಲ್ಲದೆ ಅದರ ಸುಳಿವು ಸಿಕ್ಕುವುದು ದುರ್ಲಭ.

ಮುಂಚಿತವಾಗಿ ತಿಳಿದು, ಸಕಲ ಸಾಧನಗಳನ್ನೂ ಹೊಂದಿದ್ದ ಆಸ್ಪತ್ರೆಯ ಪಾಡೇ ಹೀಗಾದರೆ, ಏನೊಂದೂ ತಿಳಿಯದೆ ರೋಗಿಯನ್ನು ಬರಮಾಡಿಕೊಳ್ಳುವ ಆಸ್ಪತ್ರೆಯ ಪಾಡೇನು? ಇಸ್ರೇಲ್ ಈ ಪ್ರಶ್ನೆಗೆ ಅದಕ್ಕೂ ಮೊದಲೇ ಇಡೀ ದೇಶದ ಮಟ್ಟದಲ್ಲಿ ಉತ್ತರ ಹುಡುಕಿತ್ತು. 2007ರ ಮಾರ್ಚಿನಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯವು, ಇಂತಹ ರೋಗಾಣುವನ್ನು ಹೊತ್ತ ಪ್ರತಿಯೊಬ್ಬರ ವರದಿಯನ್ನೂ ಕಡ್ಡಾಯಗೊಳಿಸಿ, ಅವರನ್ನು ಪ್ರತ್ಯೇಕಿಸಿ, ಅವರ ಶುಶ್ರೂಷೆಗೆಂದೇ ದಾದಿಯರನ್ನು ಮೀಸಲಿಡುವಂತೆ ಆಸ್ಪತ್ರೆಗಳಿಗೆ ವಿಧಿಸಿತು. ಲಕ್ಷ ರೋಗಿ-ದಿನಗಳಿಗೆ (ಒಬ್ಬ ರೋಗಿ ಆಸ್ಪತ್ರೆಯಲ್ಲಿ ಕಳೆದ ಒಂದು ದಿನವೇ ಒಂದು ರೋಗಿ-ದಿನ) ತಿಂಗಳಿಗೆ 55.5ರಷ್ಟಿದ್ದ ಹೊಸ ಪ್ರಕರಣಗಳು 2008ರ ಮೇ ವೇಳೆಗೆ 11.7ಕ್ಕೆ ಇಳಿದುವು.

ನಮ್ಮಲ್ಲಿ ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ ರೋಗಿಯನ್ನು ಕರೆದೊಯ್ಯುವ ಬಂಧುಗಳ ಆತಂಕ ನನಗೆ ಅರ್ಥವಾಗುತ್ತದೆ. ಅಂಬುಲೆನ್ಸು ಬಾಗಿಲಿನಲ್ಲಿ ನಿಂತಿರುವಾಗ ಕಾಗದಪತ್ರಗಳ ನೆನಪು ಯಾರಿಗಿದ್ದೀತು? ಆದರೂ ಸ್ಕ್ಯಾನಿನ ಲಕೋಟೆಯೊಡನೆ, ರೋಗಾಣುವನ್ನು ಬೆಳೆಸಿ ಗುರುತಿಸಿದ ಕಲ್ಚರ್ ವರದಿಯ ಪ್ರತಿಯನ್ನೂ ಅವರು ಕೇಳಿ ಪಡೆಯಲಿ. ರೆಫರಲ್ ಚೀಟಿ ಬರೆಯುವ ವೈದ್ಯರು, ಯಾವ ರೋಗಾಣು ಕಂಡಿತು, ಯಾವ ಔಷಧಕ್ಕೆ ಅದು ಬಗ್ಗಲಿಲ್ಲ ಎಂಬ ಎರಡು ಸಾಲುಗಳನ್ನು ಅದರಲ್ಲಿ ಸೇರಿಸಲಿ. ಹಾಸಿಗೆ ಗೊತ್ತುಮಾಡುವುದಕ್ಕೆ ಮೊದಲೇ ಆ ಸಾಲುಗಳು ಅತ್ತಣ ವಾರ್ಡಿನ ದಾದಿಯ ಕೈಸೇರಬೇಕು.