ಗ್ರೂಪ್ ಆಯಿತು, ಫೈಲ್ ಮಾತ್ರ ತೆರೆಯುತ್ತಿಲ್ಲ

ಕೃಷ್ಣಾ ದಂಡೆಯ ತಿಂಥಣಿಯಲ್ಲಿ ನಾಲ್ಕು ಜನ ಯುವಕ ಯುವತಿಯರು ಮೌನೇಶ್ವರರ ವಚನಗಳನ್ನು ಟೈಪ್ ಮಾಡಿ ಉಳಿಸಲು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಇರುವುದು ಒಂದೇ ಲಿನಕ್ಸ್ ಕಂಪ್ಯೂಟರ್, ಲಾಗಿನ್ ಮಾತ್ರ ನಾಲ್ಕು. ಟೈಪ್ ಮಾಡುವವರ ಲಾಗಿನ್ ಹೆಸರು 'ಬರಹ', ಕರಡು ನೋಡುವವರದು 'ತಿದ್ದು'. ಅವರಲ್ಲೊಬ್ಬರು ಟರ್ಮಿನಲ್ ತೆರೆದು 'ಸುಡೊ ಗ್ರೂಪ್‌ಆಡ್ ವಚನ' ಎಂದು ಕೊಟ್ಟು ಎಂಟರ್ ಒತ್ತುತ್ತಾರೆ. ಯಾವ ಎರರ್ ಕೂಡ ಬರುವುದಿಲ್ಲ. ಇನ್ನು ಮೇಲೆ ಎಲ್ಲರ ಫೈಲೂ ಎಲ್ಲರಿಗೂ ಸಿಗುತ್ತದೆ ಎಂದುಕೊಳ್ಳುತ್ತಾರೆ. ಯೂನಿಕ್ಸ್ ಕಲಿಯುವವರಲ್ಲಿ ಬಹುಪಾಲು ಜನ ಮೊದಲು ಎಡವುವುದು ಇಲ್ಲೇ.

ಗ್ರೂಪ್‌ಆಡ್ ಮಾಡುವ ಕೆಲಸ ಬಹಳ ಚಿಕ್ಕದು. 'ಈಟಿಸಿ' ಫೋಲ್ಡರಿನಲ್ಲಿ 'ಗ್ರೂಪ್' ಎಂಬ ಸಾದಾ ಪಠ್ಯದ ಫೈಲ್ ಇದೆ. ಮುಖ್ಯವಾಗಿ ಅದರಲ್ಲಿ ಒಂದು ಸಾಲು ಸೇರುತ್ತದೆ, ಅಷ್ಟೆ. 'ವಚನ:ಎಕ್ಸ್:1001:' ಎಂಬಂಥ ಸಾಲು. ಹೆಸರು, ಪಾಸ್‌ವರ್ಡಿನ ಜಾಗ, ಗ್ರೂಪ್ ಸಂಖ್ಯೆ, ಸದಸ್ಯರ ಪಟ್ಟಿ, ಹೀಗೆ ನಾಲ್ಕು ಅಂಕಣ, ನಡುವೆ ಕೋಲನ್. ಕೊನೆಯ ಕೋಲನ್ ಆದ ಮೇಲೆ ಏನೂ ಇಲ್ಲ ನೋಡಿ. ಅಂದರೆ ಗ್ರೂಪ್ ಹುಟ್ಟಿದೆ, ಒಳಗೆ ಯಾರೂ ಇಲ್ಲ. ಮಾಡಿದವರೂ ಅದರ ಸದಸ್ಯರಲ್ಲ. ಇಲ್ಲಿ ಓದಲೆಂದು ಹೆಸರನ್ನು ಕನ್ನಡದಲ್ಲಿ ಬರೆದಿದ್ದೇನೆ. ಯಂತ್ರದಲ್ಲಿ ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಕಿರುಗೆರೆಗಳಷ್ಟೇ ಇರುವ, 32 ಅಕ್ಷರ ಮೀರದ ಹೆಸರೇ ಸುರಕ್ಷಿತ. ಹಾಗೆಂದು ಲಿನಕ್ಸಿಗೆ ಕನ್ನಡ ಬರುವುದಿಲ್ಲ ಎಂದುಕೊಳ್ಳಬೇಡಿ. ಫೈಲಿಗೂ ಫೋಲ್ಡರಿಗೂ ಕನ್ನಡದ ಹೆಸರನ್ನು ಧಾರಾಳವಾಗಿ ಇಡಬಹುದು.

ಸದಸ್ಯರನ್ನು ಸೇರಿಸುವಾಗ ಕಾಡುವ ತಪ್ಪು ಕಲ್ಪನೆ ಇದಕ್ಕಿಂತ ಅಪಾಯಕಾರಿ. ಯೂಸರ್‌ಮಾಡ್ ಕಮಾಂಡಿಗೆ ದೊಡ್ಡ 'ಜಿ' ಕೊಟ್ಟು ಗ್ರೂಪಿನ ಹೆಸರು ಬರೆದರೆ ಅದಕ್ಕೆ ಸೇರಿಸುತ್ತದೆ ಎಂದು ಅನೇಕರು ನಂಬಿದ್ದಾರೆ. ಸೇರಿಸುತ್ತದೆ ನಿಜ, ಆದರೆ ಆ ಬಳಕೆದಾರರು ಅದುವರೆಗೆ ಹೆಚ್ಚುವರಿಯಾಗಿ ಸೇರಿದ್ದ ಉಳಿದೆಲ್ಲ ಗ್ರೂಪುಗಳಿಂದ ಅವರನ್ನು ತೆಗೆದೂ ಹಾಕುತ್ತದೆ. ಹಳೆಯ ಪಟ್ಟಿ ಅಳಿಸಿ ಹೊಸ ಪಟ್ಟಿ ಬರೆಯುವುದೇ ಅದರ ಕೆಲಸ. ಉಬುಂಟುವಿನಲ್ಲಿ 'ಸುಡೊ' ಗ್ರೂಪಿನಿಂದಲೇ ನಿರ್ವಾಹಕರಿಗೆ ಅಧಿಕಾರ ಬರುವುದು. ಒಬ್ಬರೇ ನಿರ್ವಾಹಕರಿರುವ ಯಂತ್ರದಲ್ಲಿ ಅವರು ತಮ್ಮ ಹೆಸರಿಗೇ ಈ ಕಮಾಂಡ್ ಕೊಟ್ಟುಕೊಂಡರೆ, ಮುಂದಿನ ಲಾಗಿನ್‌ನಲ್ಲಿ ಅಧಿಕಾರ ಹೋಗಿರುತ್ತದೆ. ಅದನ್ನು ಮರಳಿ ಪಡೆಯಲು ರಿಕವರಿ ಮೋಡಿಗೇ ಹೋಗಬೇಕಾಗಬಹುದು. ಒಂದೇ ಒಂದು ಸಣ್ಣ 'ಎ' ಸೇರಿಸಿದ್ದರೆ ಇದು ತಪ್ಪುತ್ತಿತ್ತು: 'ಯೂಸರ್‌ಮಾಡ್ -ಎಜಿ ವಚನ ತಿದ್ದು'. ಇಲ್ಲಿ 'ಎ' ಸಣ್ಣದು, 'ಜಿ' ದೊಡ್ಡದು. ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಜಿಪಾಸ್‌ಡಬ್ಲ್ಯೂಡಿ ಬಳಸಿ ಎಂದೇ. ಅದಕ್ಕೆ ಸಣ್ಣ 'ಎ' ಕೊಟ್ಟರೆ ಒಬ್ಬರು ಸೇರುತ್ತಾರೆ, 'ಡಿ' ಕೊಟ್ಟರೆ ಒಬ್ಬರು ಹೊರಬರುತ್ತಾರೆ, ಬೇರೆ ಗ್ರೂಪುಗಳ ತಂಟೆಗೇ ಅದು ಹೋಗುವುದಿಲ್ಲ.

ಸೇರಿಸಿದ ಮೇಲೂ ಕೆಲಸ ಮಾಡುತ್ತಿಲ್ಲ ಎಂಬುದು ಮುಂದಿನ ದೂರು. ಯಾವ ಯಾವ ಗ್ರೂಪಿನಲ್ಲಿದ್ದೀರಿ ಎಂಬ ಲೆಕ್ಕ ಲಾಗಿನ್ ಆಗುವ ಹೊತ್ತಿಗೇ ನಿಂತುಬಿಡುತ್ತದೆ. ಆಗ ಶುರುವಾದ ಪ್ರೋಗ್ರಾಮುಗಳೆಲ್ಲ ಅದೇ ಹಳೆಯ ಲೆಕ್ಕ ಹೊತ್ತು ನಡೆಯುತ್ತವೆ. 'ಐಡಿ ತಿದ್ದು' ಎಂದು ಹೆಸರು ಕೊಟ್ಟು ಕೇಳಿದರೆ ಪಟ್ಟಿಯಲ್ಲಿ ವಚನ ಕಾಣುತ್ತದೆ. ಬರೀ 'ಐಡಿ' ಎಂದರೆ ಕಾಣುವುದಿಲ್ಲ. ಮೊದಲನೆಯದು ಫೈಲಿನಲ್ಲಿ ಬರೆದಿರುವುದನ್ನು ಹೇಳುತ್ತದೆ, ಎರಡನೆಯದು ಈಗ ಚಾಲ್ತಿಯಲ್ಲಿರುವುದನ್ನು. ಲಾಗೌಟ್ ಮಾಡಿ ಮತ್ತೆ ಒಳಬಂದರೆ ಎರಡೂ ಹೊಂದುತ್ತವೆ. ನ್ಯೂಗ್ರೂಪ್ ಎಂಬ ಕಮಾಂಡೂ ಇದೆ, ಆದರೆ ಅದು ತೆರೆಯುವ ಹೊಸ ಶೆಲ್ಲಿಗಷ್ಟೇ ಅದರ ಪರಿಣಾಮ. ಒಬ್ಬ ಬಳಕೆದಾರ ಒಮ್ಮೆಗೆ ಒಂದೇ ಗ್ರೂಪಿನಲ್ಲಿರಬಹುದಾಗಿದ್ದ ಹಳೆಯ ಯೂನಿಕ್ಸಿನ ಕಾಲದ ಕಮಾಂಡ್ ಅದು. ಏಕಕಾಲಕ್ಕೆ ಹಲವು ಗ್ರೂಪುಗಳಲ್ಲಿರುವ ಸೌಲಭ್ಯ ಬಂದದ್ದು 1983ರ 4.2 ಬಿಎಸ್‌ಡಿಯಲ್ಲಿ. ಲಿನಕ್ಸಿನಲ್ಲಿ ಒಬ್ಬರು ಸೇರಬಹುದಾದ ಇಂಥ ಗ್ರೂಪುಗಳ ಮಿತಿ ಬಹುಕಾಲ 32 ಇತ್ತು, 2004ರಿಂದ 65,536.

ಈಗ ನಾಲ್ವರೂ ವಚನ ಗ್ರೂಪಿನಲ್ಲಿದ್ದಾರೆ. ಆದರೂ 'ಬರಹ' ಉಳಿಸಿದ ಫೈಲನ್ನು 'ತಿದ್ದು' ತಿದ್ದಲಾಗುವುದಿಲ್ಲ. ಸದಸ್ಯತ್ವವೇ ಪರ್ಮಿಷನ್ ಎಂಬುದು ಎಲ್ಲಕ್ಕಿಂತ ಆಳವಾಗಿ ಬೇರುಬಿಟ್ಟ ನಂಬಿಕೆ. ಪ್ರತಿ ಫೈಲಿಗೂ ಒಬ್ಬ ಒಡೆಯ, ಒಂದು ಗ್ರೂಪ್ ಅಂಟಿಕೊಂಡಿರುತ್ತವೆ, ಆ ಗ್ರೂಪಿಗೆ ಓದುವ, ಬರೆಯುವ ಹಕ್ಕು ಇದೆಯೇ ಎಂಬ ಗುರುತು ಬೇರೆಯೇ. ಫೋಲ್ಡರನ್ನು ಸಿಎಚ್‌ಗ್ರೂಪ್‌ನಿಂದ ವಚನಕ್ಕೆ ಒಪ್ಪಿಸಬೇಕು, ಆಮೇಲೆ ಸಿಎಚ್‌ಮಾಡ್ 2770 ಕೊಡಬೇಕು. ಎರಡು 7 ಒಡೆಯರಿಗೂ ಗ್ರೂಪಿಗೂ ಪೂರ್ತಿ ಹಕ್ಕು, ಸೊನ್ನೆ ಎಂದರೆ ಹೊರಗಿನವರಿಗೆ ಪ್ರವೇಶವಿಲ್ಲ. ಮೊದಲಲ್ಲಿರುವ 2ರ ಮಹತ್ವ ತಿಳಿದವರು ಕಡಿಮೆ: ಆ ಫೋಲ್ಡರಿನೊಳಗೆ ಹುಟ್ಟುವ ಪ್ರತಿ ಹೊಸ ಫೈಲೂ ತಾನಾಗಿ ವಚನ ಗ್ರೂಪಿನದಾಗುತ್ತದೆ. ಅದಿಲ್ಲದಿದ್ದರೆ ಟೈಪ್ ಮಾಡಿದವರ ಸ್ವಂತ ಗ್ರೂಪೇ ಅಂಟುತ್ತದೆ. ಬೇರೆಡೆ ಇದ್ದ ಫೈಲನ್ನು ಎಂವಿ ಕಮಾಂಡಿನಿಂದ ಇಲ್ಲಿಗೆ ಸರಿಸಿದರೆ ಹಳೆಯ ಗ್ರೂಪೇ ಉಳಿಯುವುದರಿಂದ ನಕಲು ಮಾಡುವುದೇ ಮೇಲು. ಇಷ್ಟಾದರೂ, ಹೊಸ ಫೈಲಿಗೆ ಯಾವ ಹಕ್ಕು ಬೇಡ ಎಂದು ಮೊದಲೇ ಹೇಳಿಡುವ ಯೂಮಾಸ್ಕ್ 022 ಇದ್ದಲ್ಲಿ ಆ ಫೈಲನ್ನು ಗ್ರೂಪಿನವರು ಓದಬಹುದು, ಬರೆಯಲಾರರು. 002 ಮಾಡಿದ ಮೇಲೆ ಕರಡು ತಿದ್ದುವ ಕೆಲಸ ಸಾಗುತ್ತದೆ. ಈ ಹಂತದಲ್ಲಿ ಸಾಕಾಗಿ 777 ಕೊಟ್ಟುಬಿಡುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಯಂತ್ರಕ್ಕೆ ಬಂದ ಯಾರು ಬೇಕಾದರೂ ಇಡೀ ಸಂಗ್ರಹವನ್ನು ಅಳಿಸಬಹುದು.

ಗ್ರೂಪಿನಲ್ಲಿದ್ದರೆ ಹಕ್ಕು ಹೆಚ್ಚೇ ಆಗುತ್ತದೆ, ಕಡಿಮೆಯಂತೂ ಆಗದು ಎಂಬುದೂ ಸುಳ್ಳು. ವ್ಯವಸ್ಥೆ ಮೊದಲು ಒಡೆಯರೇ ಎಂದು ನೋಡುತ್ತದೆ, ಅಲ್ಲದಿದ್ದರೆ ಗ್ರೂಪಿನವರೇ ಎಂದು, ಕೊನೆಗೆ ಹೊರಗಿನವರು. ಹೊಂದಿದ ಮೊದಲ ಸಾಲಿನಲ್ಲೇ ತೀರ್ಮಾನ. ಫೈಲಿನ ಪರ್ಮಿಷನ್ ಸಂಖ್ಯೆ 604 ಇದ್ದರೆ ಊರಿನವರೆಲ್ಲ ಓದಬಹುದು, ಗ್ರೂಪಿನ ಸದಸ್ಯರು ಮಾತ್ರ ಓದಲಾರರು. ಇನ್ನು ಕೆಲವು ಗ್ರೂಪುಗಳ ತೂಕ ಹೆಸರು ನೋಡಿದರೆ ತಿಳಿಯುವುದಿಲ್ಲ: ಕಂಟೇನರ್ ತಂತ್ರಾಂಶವಾದ ಡಾಕರ್‌ನ ಗ್ರೂಪಿಗೆ ಒಬ್ಬರನ್ನು ಸೇರಿಸುವುದೆಂದರೆ ಹೆಚ್ಚುಕಡಿಮೆ ಇಡೀ ಯಂತ್ರದ ರೂಟ್ ಅಧಿಕಾರವನ್ನೇ ಕೈಗಿಟ್ಟಂತೆ.

ಇದೆಲ್ಲ ಬೆಂಗಳೂರಿನ ಸರ್ವರ್ ನೋಡಿಕೊಳ್ಳುವವರಿಗಷ್ಟೇ ಬೇಕಾದ ವಿದ್ಯೆ ಎಂದು ಬಿಡುವಂತಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಮಕ್ಕಳು ಕೇರಳದ ಉಳಿದ ಮಕ್ಕಳಂತೆ ಉಬುಂಟು ಆಧರಿಸಿದ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಹಾಗೆಯೇ ಒಂದು ಕಡೆ ಕಲಿತ ಕಮಾಂಡ್ ಎಲ್ಲ ಯೂನಿಕ್ಸಿಗೂ ನಡೆಯುತ್ತದೆ ಎಂದೂ ತಿಳಿಯಬಾರದು. ಫ್ರೀಬಿಎಸ್‌ಡಿಯಲ್ಲಿ 'ಪಿಡಬ್ಲ್ಯೂ ಗ್ರೂಪ್‌ಆಡ್', ಆಲ್ಪೈನಿನಲ್ಲಿ ಆಡ್‌ಗ್ರೂಪ್, ಮ್ಯಾಕ್‌ನಲ್ಲಿ ಡಿಎಸ್‌ಎಡಿಟ್‌ಗ್ರೂಪ್.

ಕೆಲಸ ಮುಗಿದು ಗ್ರೂಪ್ ಅಳಿಸಿದರೆ ಎಲ್ಲವೂ ಸ್ವಚ್ಛ ಎಂಬುದು ಉಳಿದಿರುವ ಇನ್ನೊಂದು ನಂಬಿಕೆ. ಗ್ರೂಪ್‌ಡೆಲ್ ಗ್ರೂಪಿನ ದಾಖಲೆಯನ್ನಷ್ಟೇ ತೆಗೆಯುತ್ತದೆ. ಫೈಲುಗಳಿಗೆ ಅಂಟಿರುವುದು ಹೆಸರಲ್ಲ, 1001 ಎಂಬ ಸಂಖ್ಯೆ. ಅದು ಹಾಗೇ ಉಳಿಯುತ್ತದೆ. ಪಟ್ಟಿಯ ಕೊನೆಯ ಸಂಖ್ಯೆ ಅದೇ ಆಗಿದ್ದರೆ, ನಾಳೆ ಬೇರೆ ಯಾವುದೋ ಕೆಲಸಕ್ಕೆ ಮಾಡಿದ ಹೊಸ ಗ್ರೂಪಿಗೆ 1001 ಮತ್ತೆ ಸಿಕ್ಕಿ, ವಚನದ ಫೈಲುಗಳೆಲ್ಲ ಆ ಹೊಸಬರ ಕೈಗೆ ಹೋಗುತ್ತವೆ. ಆದ್ದರಿಂದ ಫೈಂಡ್ ಕಮಾಂಡಿಗೆ 'ಜಿಐಡಿ 1001' ಕೊಟ್ಟು ಆ ಸಂಖ್ಯೆಯ ಫೈಲುಗಳನ್ನು ಹುಡುಕಿ, ಅವುಗಳ ಗ್ರೂಪ್ ಬದಲಿಸಿ, ಆಮೇಲೆ ಅಳಿಸಿ. ಮೊದಲೇ ಅಳಿಸಿಬಿಟ್ಟಿದ್ದರೆ ಅದೇ ಫೈಂಡ್‌ಗೆ 'ನೋಗ್ರೂಪ್' ಎಂದು ಕೇಳಿದರೆ ವಾರಸುದಾರರಿಲ್ಲದ ಫೈಲುಗಳ ಪಟ್ಟಿ ಸಿಗುತ್ತದೆ.