ಬಿತ್ತದೆ ಬೆಳೆಯದೆ ಮಳೆಕಾಡಿನಲ್ಲಿ ಹೊಟ್ಟೆ ತುಂಬೀತೆ?

ಹೋದ ಮಳೆಗಾಲದ ಒಂದು ಸಂಜೆ ಸಂಘದ ಕಚೇರಿಯಲ್ಲಿ ಮೆಣಸಿನ ಲೆಕ್ಕ ಮುಗಿಸಿ ಕುಳಿತಿದ್ದೆವು. ಮಾತು ಕಾಡಿನ ಕಡೆ ಹೊರಳಿತು. "ಇಷ್ಟು ಹಸಿರಿರುವಲ್ಲಿ ಊಟಕ್ಕೇನು ಬರ? ಉಳುಮೆಯಿಲ್ಲದೆ ಹಾಯಾಗಿರಬಹುದು" ಎಂದರು ಒಬ್ಬ ಸದಸ್ಯರು. "ಒಂದು ವಾರ ಇದ್ದು ನೋಡಿ, ಗೊತ್ತಾಗುತ್ತದೆ" ಎಂದರು ಇನ್ನೊಬ್ಬರು. ಎಲ್ಲರೂ ನಕ್ಕೆವು. ಆದರೆ ಇದೇ ವಾದವನ್ನು ವಿದ್ವಾಂಸರು ಹಲವು ದಶಕಗಳಿಂದ ನಡೆಸಿಕೊಂಡು ಬಂದಿದ್ದಾರೆ.

ಎರಡನೆಯವರ ಪಕ್ಷ ಸುಲಭಕ್ಕೆ ತಳ್ಳಿಹಾಕುವಂಥದಲ್ಲ. ಫಿಲಿಪ್ಪೀನ್ಸಿನ ಅಗ್ತಾ ಜನರೊಡನೆ ಬಹುಕಾಲ ಇದ್ದ ಥಾಮಸ್ ಹೆಡ್‌ಲ್ಯಾಂಡ್ 1987ರಲ್ಲಿ 'ಕಾಡುಗೆಣಸಿನ ಪ್ರಶ್ನೆ'ಯನ್ನು ಎತ್ತಿದರು. ಅಗ್ತಾ ಜನ ಬೇಟೆಯ ಮಾಂಸ ಕೊಟ್ಟು ರೈತರಿಂದ ಅಕ್ಕಿ ಪಡೆಯುವವರು. ಆ ಅಕ್ಕಿ ಇಲ್ಲದಿದ್ದರೆ ಕಾಡಿನ ಗೆಡ್ಡೆಯೊಂದೇ ಅವರನ್ನು ಸಾಕೀತೆ ಎಂಬುದು ಅವರ ಸಂದೇಹ. 1989ರಲ್ಲಿ ರಾಬರ್ಟ್ ಬೇಲಿ ಮತ್ತು ಸಂಗಡಿಗರೂ ಅದನ್ನೇ ಹೇಳಿದರು. ಕಾಂಗೋದ ಇತುರಿ ಕಾಡಿನ ಎಫೆ ಜನ ಹೆಸರಾಂತ ಬೇಟೆಗಾರರು; ಆದರೂ ಅವರ ಊಟದ ಅರ್ಧಕ್ಕಿಂತ ಹೆಚ್ಚು ಪಾಲು ನೆರೆಯ ರೈತರ ಹೊಲದ್ದು.

ಕಾರಣ ತೋಟಗಾರರಾದ ನಮಗೆ ಬೇಗ ತಿಳಿಯುತ್ತದೆ. ಮಳೆಕಾಡು ಸಂಪಾದಿಸಿದ್ದನ್ನೆಲ್ಲ ಕಾಂಡಕ್ಕೆ, ಎಲೆಗೆ ಸುರಿಯುತ್ತದೆ. ಹಣ್ಣು ಬಿಡುವುದು ನೂರಡಿ ಎತ್ತರದಲ್ಲಿ. ಅದನ್ನು ಮಂಗ, ಹಕ್ಕಿಗಳು ಮೊದಲು ಮುಗಿಸುತ್ತವೆ. ಎಷ್ಟೋ ಬೀಜಗಳಲ್ಲಿ ವಿಷ. ಪ್ರಾಣಿಗಳಲ್ಲಿ ಕೊಬ್ಬು ಕಡಿಮೆ. ಬರಿಯ ಒಣಮಾಂಸದಲ್ಲಿ ಮನುಷ್ಯ ಬಹುಕಾಲ ಬದುಕಲಾರ. ಕಾಡಿನಲ್ಲಿ ಕೊರತೆ ಮಾಂಸದ್ದಲ್ಲ, ಪಿಷ್ಟದ್ದು.

ಆದರೆ ಈ ವಾದ ಅಲ್ಲಿಗೇ ನಿಲ್ಲಲಿಲ್ಲ. ಮಲೇಷ್ಯಾದ ಬಾಟೆಕ್ ಜನ ಕಾಡುಗೆಣಸನ್ನು ಅಗೆದು ಉಣ್ಣುವುದನ್ನು ಕಂಡವರು ಬೇರೆ ಲೆಕ್ಕ ಮುಂದಿಟ್ಟರು. ಕ್ಯಾಮರೂನಿನ ಬಾಕಾ ಜನ ಸಂಸಾರ ಸಮೇತ ಒಳಕಾಡಿಗೆ ಹೋಗಿ ತಿಂಗಳುಗಟ್ಟಲೆ ಮುಖ್ಯವಾಗಿ ಕಾಡುಗೆಣಸಿನ ಮೇಲೆಯೇ ಇದ್ದುದನ್ನು ಜಪಾನಿನ ಸಂಶೋಧಕರೊಬ್ಬರು 2006ರಲ್ಲಿ ಪ್ರಕಟಿಸಿದರು. ಶ್ರೀಲಂಕಾದ ಫಾ ಹಿಯೆನ್ ಗುಹೆಯಲ್ಲಿ ಸುಮಾರು 45,000 ವರ್ಷ ಹಿಂದಿನ ಜನ ಮಂಗ, ಅಳಿಲುಗಳನ್ನು ನುರಿತ ರೀತಿಯಲ್ಲಿ ಬೇಟೆಯಾಡುತ್ತಿದ್ದರೆಂದು 2019ರಲ್ಲಿ ಮೂಳೆಗಳಿಂದ ತಿಳಿಯಿತು. ಆಗ ಭೂಮಿಯ ಮೇಲೆ ಎಲ್ಲಿಯೂ ರೈತನೇ ಇರಲಿಲ್ಲ. ಅಕ್ಕಿ ಕೊಡಲು ನೆರೆಯವರು ಎಲ್ಲಿಂದ ಬರಬೇಕು?

ಹಾಗಾದರೆ ಇವರು ಮಾಡಿದ್ದೇನು? ನನಗೆ ಹೆಚ್ಚು ಹಿಡಿಸಿದ ವಿಷಯ ಇದೇ. ಬಾಕಾ ಜನ ಗೆಣಸನ್ನು ಅಗೆದ ಮೇಲೆ ಎಷ್ಟೋ ಸಲ ಅದರ ತಲೆಯನ್ನು ಬಳ್ಳಿಸಮೇತ ಮಣ್ಣಿನಲ್ಲಿ ಮುಚ್ಚಿ ಬರುತ್ತಾರೆ. ಅದು ಮತ್ತೆ ಗೆಡ್ಡೆ ಕಟ್ಟುತ್ತದೆ. ಬೋರ್ನಿಯೋದ ಪೆನಾನ್ ಜನ ಸಾಗೊ ತಾಳೆಯ ಒಂದು ಕಾಂಡವನ್ನು ಕಡಿದು, ಉಳಿದ ಹಿಂಡಿಲನ್ನು ಮುಂದಿನ ಸಲಕ್ಕೆಂದು ಗುರುತು ಮಾಡಿ ಬಿಡುತ್ತಾರೆ. ಇದು ಬೇಸಾಯವೋ, ಆಯ್ದು ತಿನ್ನುವುದೋ? ಎರಡರ ನಡುವಿನ ಬೇಲಿ ನಾವು ಎಣಿಸಿದಷ್ಟು ಗಟ್ಟಿಯಲ್ಲ. ಕಾಡುಮರದ ನೆರಳನ್ನು ಉಳಿಸಿಕೊಂಡು, ಅದಕ್ಕೆ ಮೆಣಸು ಹಬ್ಬಿಸಿ, ಕೆಳಗೆ ಕಾಫಿ ಇಟ್ಟ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಜೇನುಕುರುಬ ಹಿರಿಯರೊಬ್ಬರು ಬೇಲಿಯಂಚಿನಲ್ಲಿ ಕಾಡುಗೆಣಸು ಅಗೆದು, ತಲೆಯನ್ನು ಮತ್ತೆ ಹೂಳುತ್ತಿದ್ದರು. ಕೆಲಸದ ಹೊತ್ತು ಹಾಳೆಂದು ನಾನು ಗದರಿದೆ. ಮರುವರ್ಷ ಬೇಲಿಯನ್ನು 'ಚೊಕ್ಕ' ಮಾಡಿಸಲು ಅವರ ಕೈಯಿಂದಲೇ ಆ ಬಳ್ಳಿಗಳನ್ನೆಲ್ಲ ಕೀಳಿಸಿದೆ. ಅವರು ಮಾತಾಡದೆ ಕಿತ್ತರು. ನಮ್ಮ ಸೀಮೆ ಎಲೆ ಉದುರುವ ಕಾಡಿನ ಅಂಚು, ಅಪ್ಪಟ ಮಳೆಕಾಡಲ್ಲ, ನಿಜ. ಆದರೆ ವಿದ್ಯೆ ಅದೇ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ನಾನು ಬರೆದದ್ದು 'ಸಾಮಾನ್ಯ ಕೂಲಿ' ಎಂದು.

ಆ ಸಂಜೆಯ ಇಬ್ಬರು ಸದಸ್ಯರಿಗೂ ನನ್ನ ಉತ್ತರ ಇಷ್ಟೇ: ಕಾಡು ತಾನಾಗಿ ಯಾರಿಗೂ ಉಣಬಡಿಸುವುದಿಲ್ಲ, ತಿಳಿದವರಿಗೆ ಕೆಲವೆಡೆ ಉಣಬಡಿಸೀತು. ಕಾಡು ಉಳಿದು ತಿಳಿವಳಿಕೆ ಹೋದರೂ ಹಸಿವೆ, ತಿಳಿವಳಿಕೆ ಉಳಿದು ಕಾಡು ಹೋದರೂ ಹಸಿವೆ. ಮರ ಕಡಿಯುವವರು ನುಗ್ಗಿದ ಮೇಲೆ ಪೆನಾನರಿಗೆ ಆದದ್ದು ಎರಡನೆಯದು.

ಸದಸ್ಯರಲ್ಲಿ ವಿನಂತಿ: ಈ ಸಲ ಕಳೆನಾಶಕ ಹೊಡೆಯುವ ಮೊದಲು ಬೇಲಿಯಂಚಿಗೆ ಒಮ್ಮೆ ಹೋಗಿ ಬನ್ನಿ. ಯಾವ ಬಳ್ಳಿ ಯಾವುದೆಂದು ತಿಳಿಯದಿದ್ದರೆ, ತಿಳಿದವರು ನಿಮ್ಮ ತೋಟದಲ್ಲೇ ಕೆಲಸಕ್ಕಿರಬಹುದು. ಕೇಳಿ.